ಕಲ್ಲು ನೋಡಿ ಹೋದ ವರ

ನಿಜಾಮರ ಸೀಮೆಯ ಚರಿತ್ರೆಯಲ್ಲಿ ಬರೆದಿಡಲೇಬೇಕಾದ ಸಂಗತಿಯೊಂದು ಭಂಕೂರಿನಲ್ಲಿ ನಡೆಯಿತು: ಹೆಣ್ಣು ನೋಡಲು ಬಂದ ವರ, ಅಂಗಳದ ಖಾರ ಕುಟ್ಟುವ ಕಲ್ಲು ನೋಡಿ ಎದ್ದುಹೋದ!

ವರ ಮಳಖೇಡದ ಬಸವಂತರಾಯ. ಸರ್ಕಾರದ ಭೂಶೋಧನೆ ಖಾತೆಯವನು. ನೆಲದ ಮೇಲಿನದನ್ನು ಬಿಟ್ಟು ಅಡಿಯಲ್ಲಿರುವುದನ್ನು ನೋಡಲಿಕ್ಕೇ ಅವನಿಗೆ ಪಗಾರ. ಅವಲಕ್ಕಿ ತಂದ ಹುಡುಗಿ ಗುರುದೇವಿಯನ್ನು ಒಮ್ಮೆ ನೋಡಿದ. ಕಣ್ಣಿಗೆ ಕಣ್ಣು ಕೂಡಿತು... ಮರುಗಳಿಗೆ ಖಾರ ಕುಟ್ಟುವ ಆ ಕರಿಗಲ್ಲಿನ ಮುಂದೆ ಮಂಡಿಯೂರಿದ್ದ!

"ಇದು ಎಲ್ಲಿ ಸಿಕ್ತರಿ?"

"ಊರ ಹಿಂದಿನ ಗುಂಡನೆ ತಗ್ಗಿನಾಗ," ಎಂದರು ಅವಳ ತಂದೆ ಕಲ್ಯಾಣಪ್ಪ.

ಒಪ್ಪಿಗೆಯ ಮಾತೇ ಇಲ್ಲದೆ ವರ ತಗ್ಗಿನ ಕಡೆ ಓಡಿದ.

"ಅವಂಗ ಕಲ್ಲು ಪಸಂದ್ ಆಗ್ಯಾದ, ನೀನಲ್ಲ!" ಎಂದಳು ಸೋದರತ್ತೆ ಅಮೃತಮ್ಮ.

ಗುರುದೇವಿಗೆ ರಾತ್ರಿಯಿಡೀ ಒಂದೇ ಯೋಚನೆ. 'ಬ್ಯಾಡಾದ್ರ ಬ್ಯಾಡ ಅನ್ನಲಿ! ಕಲ್ಲಿನ ಮರೀಗಿ ಯಾಕ ಅಡಗಬೇಕು?'

ಮರುದಿನ ಅಮೃತಮ್ಮನನ್ನು ಎಳೆದುಕೊಂಡು ತಗ್ಗಿಗೇ ಹೋದಳು. ಅತ್ತೆ ಬೇವಿನ ನೆರಳಿಗೆ ಕುಂತಳು. ಬಸವಂತರಾಯ ಅಂಚಿನ ಮಣ್ಣು ಕೆರೆಯುತ್ತಿದ್ದ.

"ಹೌದೋ ಅಲ್ಲೋ, ಒಂದ್ ಮಾತು ಹೇಳ್ರಿ!"

ಅವನು ಗಾಬರಿಯಾದ. "ಅದು... ಆಕಾಶದಿಂದ ಉಲ್ಕೆ ಬಿದ್ದು ಈ ತಗ್ಗು ಆಗಿರಬಹುದು, ನಿಮ್ಮ ಕಲ್ಲು ಅದರ ತುಂಡು ಇರಬಹುದು..."

ಬಯ್ಯಬೇಕೆಂದು ಬಂದ ಬಾಯಿಂದ ಪ್ರಶ್ನೆ ಹೊರಬಿತ್ತು. "ಅದು ಹ್ಯಾಂಗ ತಿಳೀತದ್ರಿ?"

"ನಮ್ಮ ಸೀಮಿ ಫರಸಿ, ಅಂದ್ರ ನೆಲಕ್ಕ ಹಾಸೋ ಸುಣ್ಣಕಲ್ಲು, ರೊಟ್ಟಿ ಒಟ್ಟಿದಂಗ ಮಲಗಿರ್ತದ. ಉಲ್ಕೆ ಬಡಿದ್ರ ಅಂಚಿನ ಪದರು ಎದ್ದು ಹೊರಗ ವಾಲ್ತಾವ. ತಳದ ಬಂಡೆಗಲ್ಲು ಒಡೆದು, ಸುತ್ತಲ ಬಾವಿಗಳ ಸೆಲೀನೂ ದಾರಿ ಬದಲಿಸ್ತದ."

"ಒಳಗ ವಾಲಿದ್ರ?"

"ನೀರು ಸುಣ್ಣಕಲ್ಲು ತಿಂದು ನೆಲ ಕುಸಿದದ್ದು, ಅಷ್ಟೇ."

"ಮತ್ತ ನಿಂತೀರಿ ಯಾಕ? ಸುತ್ತ ನೋಡೂಣ ಬರ್ರಿ!"

ಅವಳು ಮುಳ್ಳುಕಂಟಿ ಸರಿಸಿದಳು, ಅವನು ಮಣ್ಣು ಕೆರೆದ. ಮೂಡಲಕ್ಕೆ ಪದರು ಒಳಗೆ ವಾಲಿತ್ತು. ಪಡುವಲಕ್ಕೂ ಒಳಗೇ. ಸುತ್ತು ಮುಗಿದಾಗ ಅವನು ನೆಲಕ್ಕೆ ಕುಸಿದು ಕುಂತ.

"ಬರೇ ಕುಸಿದ ನೆಲ. ಆ ಕಲ್ಲೂ ಚಿಂಚೋಳಿ ಕಡೀ ಸಾದಾ ಕರಿಗಲ್ಲೇ. ಯಾರೋ ತಂದು ಒಗೆದಿರಬೇಕು."

ಹತ್ತಿರದ ನೆಂಟರು ಸತ್ತಂತಿತ್ತು ಅವನ ಮುಖ. ಗುರುದೇವಿಗೆ ನಗು ಬಂತು. ನಗುವಿನ ಬೆನ್ನಿಗೇ ಮುಖ ತಿರುಗಿಸಿ ಸೆರಗಿನ ಮುಳ್ಳು ಕೀಳತೊಡಗಿದಳು.

"ಹಂಗಾದ್ರ... ನಿಮಗ ಭಂಕೂರಿನಾಗ ಇನ್ನ ಕೆಲಸಿಲ್ಲ ಬಿಡ್ರಿ."

"ಕೆಲಸ ಅದ." ಅವನು ತಲೆ ಎತ್ತಿದ. "ನಿನ್ನೆ ನಿನ್ನ ಒಮ್ಮೆ ನೋಡ್ದೆ. ಮತ್ತ ನೋಡಾಕ ಧೈರ್ಯ ಸಾಲಲಿಲ್ಲ. ಕಲ್ಲು ಕಂಡು ಜೀವ ಉಳೀತು!"

"ಅಯ್ಯ! ಊರೆಲ್ಲ ನಗಾಕತ್ತದ, ಗೊತ್ತೇನ್ರಿ?"

"ನಗಲಿ. ಇನ್ನ ನೀ ಬ್ಯಾಡ ಅನ್ನೋ ತನಕ ನಿನ್ನೇ ನೋಡ್ತೀನಿ."

"ನಾ ಯಾಕ ಬ್ಯಾಡ ಅಂತೀನ್ರಿ..."

ಅಮೃತಮ್ಮ ಜೋರಾಗಿ ಕೆಮ್ಮಿದಳು.

ವೈಶಾಖದಲ್ಲಿ ಮದುವೆಯಾಯಿತು.