ವಿಮಾನ ಹತ್ತದ ಹೆಪ್ಪು

ಕಾವಲಿಗೆ ಎರಡನೆಯ ದೋಸೆ ಹುಯ್ದಿದ್ದಳಷ್ಟೇ, ಬೆಲ್ ಆಯಿತು.

ಸುಪ್ರಜಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಧ್ಯಾಹ್ನ ಬರಬೇಕಾದವನು ಈಗಲೇ...

ಬಾಗಿಲಲ್ಲಿ ಗಂಡ ಆತ್ರೇಯ. ಬೀಗದ ಕೈ ಇದ್ದೂ ಬೆಲ್ ಮಾಡಿ ಕಾಯುವಷ್ಟು ದೂರದವನಾಗಿದ್ದ. ಕೆಂಪಾದ ಕಣ್ಣು, ಕೈಯಲ್ಲಿ ತೊಳೆದ ಸಣ್ಣ ಸ್ಟೀಲ್ ಡಬ್ಬಿ.

"ಇಷ್ಟು ಬೇಗ?"

"ಕತ್ತಲಿರುವಾಗಲೇ ಹೊರಟೆ."

"ಮತ್ತೆ ಡ್ರೈವ್ ಮಾಡ್ಕೊಂಡೇ ಬಂದ್ಯಾ?"

ಅವನು ಹೌದೆಂದು ತಲೆಯಾಡಿಸಿದ.

ಹೋದ ವರ್ಷ ಆಫೀಸಿನವರು ಡಾಲಸ್‌ಗೆ ಹಾಕಿದಾಗ ಅವನು ಅಲ್ಲೇ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಮನೆ ಹಿಡಿದ. ಅವಳು ಮಗಳೊಂದಿಗೆ, ತನ್ನ ಕೆಲಸವಿದ್ದ ಕೇಟಿ ಊರಿನಲ್ಲೇ ಉಳಿದಳು. 'ಬಾ' ಎಂದು ಅವನು ಕರೆಯಲಿಲ್ಲ. 'ಇರು' ಎಂದು ಅವಳು ತಡೆಯಲಿಲ್ಲ.

ಮೊದಮೊದಲು ಶುಕ್ರವಾರ ಸಂಜೆಯ ವಿಮಾನಕ್ಕೇ ಬಂದುಬಿಡುತ್ತಿದ್ದ. ಒಂದು ಗಂಟೆಯ ಹಾರಾಟ! ಈಗ ಕೆಲವು ತಿಂಗಳಿಂದ ಶನಿವಾರ, ಕಾರಿನಲ್ಲಿ, ನಾಲ್ಕೈದು ಗಂಟೆ...

ಬೇಗ ಬರುವ ದಾರಿ ಬಿಟ್ಟು ನಿಧಾನದ ದಾರಿ ಹಿಡಿದಿದ್ದಾನೆ. ಮನೆ ಬೇಡವಾಗಿದೆ ಅಂತ ತಾನೇ? ಇವತ್ತು ಹೇಳಿಬಿಡಬೇಕು... ಇನ್ನು ಬರಬೇಡ ಅಂತ.

ಊಟದ ಮೇಜಿನಲ್ಲಿ ಒಂಬತ್ತು ವರ್ಷದ ನಿಶಿತಾ ಯೂರೋಪಿನ ನಕ್ಷೆಯ ಮೇಲೆ ಸ್ಕೇಲು ಇಟ್ಟಿದ್ದಳು. ಶಾಲೆಯ ಪ್ರಾಜೆಕ್ಟ್: ಎರಡು ಊರು, ನಡುವಿನ ದೂರ, ವಿಮಾನಕ್ಕೆ ಹಿಡಿಯುವ ಸಮಯ.

"ಅಪ್ಪಾ, ವಿಯೆನ್ನಾ ಟು ಪ್ರಾಗ್, ಜಸ್ಟ್ ಒನ್ ಅವರ್! ಡಿಫರೆಂಟ್ ಕಂಟ್ರೀಸ್!"

"ಅಷ್ಟೇನಾ ಪುಟ್ಟಿ?"

"ಒಂದು ಗಂಟೆ ಏನು ಮಹಾ," ಸುಪ್ರಜಾ ಒಲೆಯ ಕಡೆ ತಿರುಗಿ ಅಂದಳು. "ಬರೋ ಮನಸ್ಸಿರೋರಿಗೆ."

ದೋಸೆ ಸೀದುಹೋಗಿತ್ತು. ತೆಗೆದು ತಟ್ಟೆಗೆ ಹಾಕಿದಳು.

ಆತ್ರೇಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಸುಪ್ಪೀ, ಬರೋದಕ್ಕಲ್ಲ... ವಾಪಸ್ ಹೋಗೋದಕ್ಕೆ ಕಾರು ಬೇಕು ನಂಗೆ."

"ಯಾಕೆ?"

"ಹೆಪ್ಪಿಗೆ ಅಂತ ಇದರಲ್ಲಿ ಮೊಸರು ಹಾಕಿ ಕೊಡ್ತೀಯಲ್ಲ... ಒಂದ್ಸಲ ಏರ್‌ಪೋರ್ಟಲ್ಲಿ ಮೊಸರೂ ನೀರಿನ ಲೆಕ್ಕ, ಅಷ್ಟು ಬಿಡಲ್ಲ ಅಂದ್ರು. ಅಲ್ಲೇ ಕಸದ ಬುಟ್ಟಿಗೆ ಸುರಿದೆ. ನಿನ್ನ ಕೈಯಿಂದ ಆ ಮನೆಗೆ ಬರೋದು ಅದೊಂದೇ ಕಣೇ. ಇನ್ನೊಂದ್ಸಲ ಸುರಿಯೋಕೆ ಆಗಲ್ಲ."

ಅಯ್ಯೋ... ತಾನು ಲೆಕ್ಕ ಹಾಕಿದ್ದು ಬರೀ ಬರುವ ದಾರಿಯನ್ನು!

"ಒಂದು ಮಾತು ಹೇಳ್ಬಾರ್ದಿತ್ತಾ?"

"ಮೊಸರಿಗೋಸ್ಕರ ಇಡೀ ಟೆಕ್ಸಾಸ್ ಸುತ್ತುತ್ತಾನೆ ಅಂತ ನೀನು ನಗ್ತಿದ್ದೆ."

"ನಗ್ತಿದ್ದೆ," ಎಂದಳು. ಕಣ್ಣು ತುಂಬಿತ್ತು. "'ಬಾ' ಅಂತ ಯಾಕೆ ಕರೀಲಿಲ್ಲ?"

"ನಿನ್ನ ಕೆಲಸ ಬಿಡಿಸಿ ಕರ್ಯೋಕೆ ಬಾಯಿ ಬರ್ಲಿಲ್ಲ. ನೀನು 'ಇರು' ಅಂದಿದ್ರೆ..."

ಅವಳು ಖಾಲಿ ಡಬ್ಬಿಯನ್ನು ಎತ್ತಿ ತನ್ನ ಪಾತ್ರೆಗಳ ಜೊತೆ ಕಪಾಟಿನಲ್ಲಿಟ್ಟಳು.

"ಈ ಸಲ ಹೆಪ್ಪು ಕೊಡಲ್ಲ."

"ಮತ್ತೆ?"

"ಮೊಸರು ಬೇಕಿದ್ರೆ ಇಲ್ಲೇ ಊಟ ಮಾಡು... ದಿನಾ."

ಅವನು ಸೀದ ದೋಸೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ನಿಶಿತಾ ಸ್ಕೇಲು ಕೆಳಗಿಟ್ಟಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ವರ್ಷವಿಡೀ ನುಂಗಿಕೊಂಡಿದ್ದನ್ನು ಅಪ್ಪ ಅಮ್ಮನ ಭಾಷೆಯಲ್ಲೇ ಕೇಳಿದಳು:

"ಅಪ್ಪಾ, ಆ ಎರಡು ಊರು ಬೇರೆ ಬೇರೆ ದೇಶ. ನಾವ್ಯಾಕೆ ಬೇರೆ ಬೇರೆ ಮನೇಲಿ ಇರೋದು?"