ಕ್ಯಾಮೆರಾ ನಾಲ್ಕು, ಆರು ಗಂಟೆ ಐದು ನಿಮಿಷ

ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಇನ್ನೂ ಪೊರಕೆಯಿತ್ತು. ಅವಳೂ ಅವಳ ಅಕ್ಕನೂ ಬಡಾವಣೆಯೊಂದರ ರಸ್ತೆ ಗುಡಿಸುವವರು. ನಾಲ್ಕನೇ ಅಡ್ಡರಸ್ತೆಯಲ್ಲಿ ಯಾವುದೋ ವಾಹನ ಅಕ್ಕನಿಗೆ ಗುದ್ದಿ ಹೋಗಿತ್ತು. ಆರೂ ಇಪ್ಪತ್ತಕ್ಕೆ ಪೇಪರ್ ಹಾಕುವವನು ನೋಡಿ ಕೂಗಿಕೊಳ್ಳುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

“ಯಾರು ಅಂತ ಗೊತ್ತಾದ್ರೆ ಸಾಕು ಸಾರ್. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಹೇಗೆ ಬಂತು ಅಂತ ಕೇಳ್ಬೇಕು.”

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆ ಮುಗಿಸಿದ ಇನ್‌ಸ್ಪೆಕ್ಟರ್ ತಲೆಯೆತ್ತಿದರೆ ಎದುರು ಕಂಬದಲ್ಲೇ ನಾಲ್ಕು ಎಂದು ಬರೆದಿದ್ದ ಕ್ಯಾಮೆರಾ. ಅರ್ಧ ಕೆಲಸ ಮುಗಿಯಿತು ಎಂದುಕೊಂಡರು.

ಕ್ಯಾಮೆರಾ ನಿವಾಸಿಗಳ ಸಂಘದ್ದು. ಮಧ್ಯಾಹ್ನ ಹನ್ನೆರಡಕ್ಕೆ ಸಂಘದ ಕಚೇರಿಯಲ್ಲಿ ಕಾರ್ಯದರ್ಶಿ ಸಿಕ್ಕರು. ನಿವೃತ್ತ ಹೆಡ್‌ಮಾಸ್ಟರು, ಇಸ್ತ್ರಿ ಮಾಡಿದ ಅಂಗಿ, ಅದಕ್ಕಿಂತ ಗರಿಗರಿಯಾದ ನಿಯಮಗಳು.

“ದೃಶ್ಯ ಬೇಕಾದ್ರೆ ಪತ್ರ ಕೊಡಿ. ಸಮಿತಿ ಒಪ್ಪಬೇಕು.”

“ಯಾವಾಗ ಸಭೆ?”

“ಭಾನುವಾರ.”

ಹೊರಗೆ ಬಂದ ಮೇಲೆ ಕಾನ್‌ಸ್ಟೇಬಲ್ ಗೊಣಗಿದ. “ಸಾರ್, ರೆಕಾರ್ಡಿಂಗ್ ಇರೋ ಡಿವಿಆರ್ ಪೆಟ್ಟಿಗೇನ ಇವತ್ತೇ ಜಪ್ತಿ ಮಾಡ್ಬಿಡೋಣ.”

“ಮೇಷ್ಟ್ರಯ್ಯ ಅವ್ರು. ಎಲ್ಲಿಗೆ ಓಡಿ ಹೋಗ್ತಾರೆ?” ಎಂದರು ಇನ್‌ಸ್ಪೆಕ್ಟರ್. ಮೇಷ್ಟ್ರನ್ನು ಕಂಡರೆ ಅವರಿಗೆ ಈಗಲೂ ಕೈಕಟ್ಟಿ ನಿಲ್ಲುವ ಅಭ್ಯಾಸ. ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಲೂ ಇಲ್ಲ.

ಶನಿವಾರ ಆಸ್ಪತ್ರೆಯಲ್ಲಿ ಅಕ್ಕ ತೀರಿಕೊಂಡಳು. ರಕ್ತ ಬಹಳ ಹೋಗಿತ್ತು, ಕಾಲು ಗಂಟೆ ಮೊದಲು ಕರೆತಂದಿದ್ದರೆ ಉಳಿಯುತ್ತಿದ್ದಳು ಎಂದರು ಡಾಕ್ಟರು.

ಹತ್ತನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಸಮಿತಿಯ ಒಪ್ಪಿಗೆ ಪತ್ರ ಕೈಗೆ ಬಂತು. ದೃಶ್ಯ ಬರಲಿಲ್ಲ.

“ಐದು ದಿನದ್ದು ಮಾತ್ರ ಇರುತ್ತೆ. ಹಳೇದು ತಾನಾಗೇ ಅಳಿಸಿ ಹೋಗುತ್ತೆ,” ಎಂದರು ಕಾರ್ಯದರ್ಶಿ, ಮೇಜು ನೋಡುತ್ತ.

ಇನ್‌ಸ್ಪೆಕ್ಟರ್‌ಗೆ ತಮ್ಮ ಕೆನ್ನೆಗೇ ಹೊಡೆದುಕೊಳ್ಳುವಂತಾಯಿತು. ಕಾನ್‌ಸ್ಟೇಬಲ್ ಸಿಟ್ಟಿಗೆ ಮಾನಿಟರ್ ಪಕ್ಕದಲ್ಲಿದ್ದ ಪುಸ್ತಕ ತಿರುವಿದ. ದೃಶ್ಯ ನೋಡಿದವರು ವಿವರ ಬರೆದು ಸಹಿ ಹಾಕಬೇಕಾದ ಪುಸ್ತಕ ಅದು. ಕಳೆದುಹೋದ ಚಪ್ಪಲಿ, ಗೀಚಿದ ಸ್ಕೂಟರ್, ಗೇಟಿನ ಮುಂದೆ ನಾಯಿ ಮಾಡಿದ ಗಲೀಜು. ಒಂದು ಸಾಲಿನ ಮೇಲೆ ಅವನ ಬೆರಳು ನಿಂತಿತು.

“ಸಾರ್, ಇಲ್ನೋಡಿ. ಮೂರನೇ ತಾರೀಖು, ಬೆಳಿಗ್ಗೆ 6.05. ಕ್ಯಾಮೆರಾ ನಾಲ್ಕು, 5.40ರಿಂದ 5.50.”

ಕಾರಣದ ಜಾಗ ಖಾಲಿ. ಸಹಿ ಕಾರ್ಯದರ್ಶಿಯದು.

“ಅವಳು ಬಿದ್ದಿದ್ದು ಬೇರೆಯವರಿಗೆ ಗೊತ್ತಾಗಿದ್ದು ಆರೂ ಇಪ್ಪತ್ತಕ್ಕೆ,” ಎಂದರು ಇನ್‌ಸ್ಪೆಕ್ಟರ್. “ನಿಮಗೆ ಆರೂ ಐದಕ್ಕೇ ಹೇಗೆ ಗೊತ್ತಾಯ್ತು?”

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. “ಹೆಂಡತೀನ ಡಯಾಲಿಸಿಸ್‌ಗೆ ಬಿಟ್ಟು ಬರ್ತಿದ್ದೆ. ಏನೋ ತಗುಲಿದ ಹಾಗಾಯ್ತು. ಮಬ್ಬಲ್ಲಿ ನನಗೆ ದೂರದ್ದು ಕಾಣಲ್ಲ. ಅದಕ್ಕೇ ಇಲ್ಲಿಗೆ ಬಂದು ನೋಡಿದೆ. ಪರದೆ ಮೇಲೆ ರಸ್ತೇಲಿ ಬಿದ್ದಿದ್ದ ಹೆಂಗಸು ಕಂಡಳು.”

“ಕಂಡ ಮೇಲೆ?”

“ಕಾರು ಓಡಿಸ್ಬೇಡಿ ಅಂತ ಕಣ್ಣಿನ ಡಾಕ್ಟರು ಎರಡು ತಿಂಗಳ ಹಿಂದೇನೇ ಹೇಳಿದ್ರು. ಲೈಸೆನ್ಸ್ ಹೋದ್ರೆ, ನಾನು ಜೈಲಿಗೆ ಹೋದ್ರೆ, ಹೆಂಡತಿಗೆ ಯಾರಿದ್ದಾರೆ?”

“ಮತ್ತೆ ಪುಸ್ತಕದಲ್ಲಿ ಯಾಕೆ ಬರೆದ್ರಿ?”

“ನೋಡಿದ ಮೇಲೆ ಬರೀಬೇಕಲ್ಲ. ನಿಯಮ ಮಾಡಿದ್ದೇ ನಾನು.”

ಷೆಡ್ಡಿನಲ್ಲಿದ್ದ ಕಾರಿನ ಬಲಗಡೆ ದೀಪ ಹಳತಾಗಿ ಮಂಕಾಗಿತ್ತು. ಎಡಗಡೆಯದು ಹೊಚ್ಚ ಹೊಸದು. ಕಾರು, ಪುಸ್ತಕ ಎರಡನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಒಂಬತ್ತೂ ಮುಕ್ಕಾಲಿಗೆ ಬಂಧನ.

“ಹತ್ತಕ್ಕೆ ಅವಳ ಡಯಾಲಿಸಿಸ್ ಮುಗಿಯುತ್ತೆ. ಕಾಯ್ತಿರ್ತಾಳೆ,” ಎಂದರು ಮೇಷ್ಟ್ರು ಜೀಪು ಹತ್ತುವಾಗ. ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ನನ್ನು ಆಸ್ಪತ್ರೆಗೆ ಕಳಿಸಿದರು.

ಅಂದಿನ ಡೈರಿಯಲ್ಲಿ, ಡಿವಿಆರ್ ಮೊದಲ ದಿನವೇ ಜಪ್ತಿ ಮಾಡದಿದ್ದುದು ತಮ್ಮದೇ ತಪ್ಪು ಎಂದು ಇನ್‌ಸ್ಪೆಕ್ಟರ್ ಬರೆದರು. ಸಂಜೆ ತಂಗಿಯನ್ನು ಕರೆಸಿ ನಡೆದದ್ದನ್ನೆಲ್ಲ ತಾವೇ ಹೇಳಿದರು.

“ಒಂದು ಫೋನ್ ಮಾಡಿ ಹೋಗಿದ್ರೂ ಆಗ್ತಿತ್ತು ಸಾರ್,” ಎಂದಳು. “ಹೆಸರು ಹೇಳ್ದೆ ಇದ್ರೂ ಆಗ್ತಿತ್ತು.”