ಬ್ರಾಗಾ ತೋಟದ ಹಣ್ಣು

2024ರ ಜನವರಿ 9, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಇರಿನಿಯಾ ಬ್ರಾಗಾ ಎಂಬ ಎಪ್ಪತ್ತೆಂಟರ ವಿಧವೆ ಒಂದು ವೈನ್ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಓಕ್ಲಿ ಠಾಣೆಗೆ ಬಂದರು. ಅದನ್ನು ಬರಿಗೈಯಲ್ಲಿ ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ.

ಡಿಟೆಕ್ಟಿವ್ ಒಡೆಟ್ ಸಿಲ್ವೇರಾ ಲೇಬಲ್ ಓದಿದಳು. ಹಳೇ ಬಳ್ಳಿಯ ಜಿನ್‌ಫಂಡೆಲ್ ದ್ರಾಕ್ಷಿ, ಬ್ರಾಗಾ ತೋಟ, 2022ರ ಕೊಯ್ಲು.

“ನಿಮ್ಮ ತೋಟದ್ದೇ ಅಲ್ವಾ ಅಮ್ಮ?”

“ತೋಟ ಎಲ್ಲಿದೆ ಮಗಳೇ? ನನ್ನ ಗಂಡ ಮನುವೆಲ್ ಹೋಗಿ ಏಳು ವರ್ಷ ಆಯ್ತು. ಜಾಗ ಮಾರಿದ್ಮೇಲೆ 2019ರಲ್ಲಿ ಬಳ್ಳಿನೆಲ್ಲ ಕಿತ್ತು ಸುಟ್ರು. ಹೊಗೆ ನಾನೇ ನೋಡಿದೀನಿ. ಈಗ ಅಲ್ಲಿ ಬರೀ ಮನೆಗಳು.”

“ಯಾರೋ ಹೆಸರು ಕದ್ದಿರಬೇಕು.”

“ಕುಡಿದು ನೋಡ್ದೆ. ಐವತ್ತು ವರ್ಷ ಅದನ್ನೇ ಕುಡಿದೋಳು ನಾನು. ಅದೇ ಹಣ್ಣು. ಸುಟ್ಟಿರೋ ತೋಟ ಫಸಲು ಬಿಡ್ತಾ ಇದೆ, ಬರ್ಕೋ.”

ಕಾನ್‌ಸ್ಟೆಬಲ್ ಪುಲಿದೊ ನಗು ತಡೆಯಲು ಕೆಮ್ಮಿದ. ಒಡೆಟ್ ನಗಲಿಲ್ಲ. ದೂರು ದಾಖಲಿಸಿಕೊಂಡು, ಮನುವೆಲ್ ತನ್ನ ಕೈಯಾರೆ ಬರೆದಿಟ್ಟಿದ್ದ ತೋಟದ ನಕ್ಷೆಯನ್ನು ಕೇಳಿ ಪಡೆದಳು. ಒಂದೊಂದು ಬಳ್ಳಿಗೆ ಒಂದೊಂದು ಚುಕ್ಕಿ, ಸತ್ತ ಬಳ್ಳಿಗೆ ಕತ್ತರಿ ಗುರುತು.

11.40ಕ್ಕೆ ಒಡೆಟ್ ಮತ್ತು ಪುಲಿದೊ, ಬಾಟಲಿಯ ಮೇಲೆ ಹೆಸರಿದ್ದ ವೈನ್ ತಯಾರಕ ಲಿಂಡ್‌ಕ್ವಿಸ್ಟ್‌ನ ಉಗ್ರಾಣದಲ್ಲಿದ್ದರು. ಹಣ್ಣು ಬಂದ ದಿನದ ತೂಕದ ಚೀಟಿಯನ್ನು ಅವನು ಕಡತದಿಂದ ತೆಗೆದುಕೊಟ್ಟ. 2022ರ ಸೆಪ್ಟೆಂಬರ್ 3, ಬೆಳಿಗ್ಗೆ 6.10. ತೋಟ: ಬ್ರಾಗಾ. ಮಾಲೀಕ: ಮನುವೆಲ್ ಬ್ರಾಗಾ. ಕೆಳಗೆ ಸಹಿ.

“ಯಾರು ತಂದಿದ್ದು?”

“ಒಬ್ಬ ಮುದುಕ. ಮಾತೇ ಆಡ್ಲಿಲ್ಲ ಪುಣ್ಯಾತ್ಮ.”

“ತೋಟ ನೋಡೋಕೆ ಹೋಗ್ಲಿಲ್ವಾ?”

“ಅಂಥ ಹಣ್ಣು ಬಾಗಿಲಿಗೇ ಬಂದ್ರೆ ಯಾರು ಪ್ರಶ್ನೆ ಕೇಳ್ತಾರೆ ಮೇಡಂ?”

ಭೂದಾಖಲೆ ಕಚೇರಿಯಲ್ಲಿದ್ದ ಮನುವೆಲ್‌ನ ಹಳೆಯ ಸಹಿಯ ಪಕ್ಕಕ್ಕೆ ಆ ಚೀಟಿಯನ್ನಿಟ್ಟು ನೋಡಿದರು. ಕೊನೆಯ ಅಕ್ಷರದ ಬಾಲ ಕೂಡ ಒಂದೇ. ಪುಲಿದೊ ತನಗರಿವಿಲ್ಲದೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

“ಸತ್ತೋರು ಲಾರಿ ಓಡ್ಸಲ್ಲ ಕಣೋ,” ಎಂದಳು ಒಡೆಟ್. “ಚೀಟಿ ಮೇಲೆ ಗಾಡಿ ನಂಬರ್ ಇದೆ ನೋಡು.”

ಗಾಡಿ ಎಲಾದಿಯೊ ರೆಂತೆರಿಯಾನ ಹೆಸರಿನಲ್ಲಿತ್ತು. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ಬ್ರಾಗಾ ತೋಟದ ಬಳ್ಳಿ ಸವರಿದವನು. ಅದನ್ನು ಕಿತ್ತು ಸುಡುವ ಗುತ್ತಿಗೆ ಹಿಡಿದವನೂ ಅವನೇ.

ಜನವರಿ 11, ಬೆಳಿಗ್ಗೆ 8.15. ಸರ್ಚ್ ವಾರಂಟ್ ಹಿಡಿದು ನದಿ ದಂಡೆಯ ಅವನ ಜಾಗಕ್ಕೆ ಹೋದಾಗ ಮಂಜು ನೆಲಕ್ಕಿಳಿದು ಕೂತಿತ್ತು. ನೀಲಗಿರಿ ಮರಗಳ ಆಚೆ ಮರಳು ನೆಲ. ಎಲ್ಲಿಂದಲೋ ಕತ್ತರಿಯ ಸದ್ದು ಬರುತ್ತಿತ್ತು: ಕಚಕ್, ಬಿಟ್ಟು ಬಿಟ್ಟು ಮತ್ತೆ ಕಚಕ್. ಎರಡು ಹೆಜ್ಜೆ ಮುಂದಿಟ್ಟಾಗ ಮಂಜಿನೊಳಗಿಂದ ಕುಳ್ಳಗಿನ, ಕಪ್ಪನೆಯ, ತೋಳು ತಿರುಚಿಕೊಂಡ ಆಕೃತಿಗಳು ಸಾಲಾಗಿ ಎದ್ದು ಬಂದವು. ತೊಡೆಗಾತ್ರದ ಕಾಂಡಗಳು. ನೂರು ವರ್ಷ ದಾಟಿದ ಬಳ್ಳಿಗಳು.

ಒಡೆಟ್ ನಕ್ಷೆ ಬಿಡಿಸಿ ಎಣಿಸತೊಡಗಿದಳು. ಮೊದಲ ಸಾಲು ಹತ್ತೊಂಬತ್ತು, ಸರಿ. ಎರಡನೆಯದರಲ್ಲಿ ಕತ್ತರಿ ಗುರುತಿದ್ದಲ್ಲಿ ಖಾಲಿ ಮರಳು. ಮೂರನೆಯದರಲ್ಲೂ ಹಾಗೆಯೇ. ಬಳ್ಳಿಗಳ ಜೊತೆಗೆ ಅವುಗಳ ನಡುವಿನ ಖಾಲಿಯನ್ನೂ ಯಾರೋ ಅಳೆದು ತಂದು ಇಲ್ಲಿ ಇಟ್ಟಿದ್ದರು.

“ಮೇಡಂ, ವಾಪಸ್ ಹೋಗಿ ಇನ್ನೂ ನಾಲ್ಕು ಜನನ್ನ ಕರ್ಕೊಂಡು ಬರೋಣ್ವಾ?” ಪುಲಿದೊ ಪಿಸುಗುಟ್ಟಿದ.

ಐದನೇ ಸಾಲಿನಲ್ಲಿ ಮುದುಕ ಕೂತಿದ್ದ. ಇವರನ್ನು ಕಂಡು ಏಳಲಿಲ್ಲ.

“ಎಲಾದಿಯೊ ರೆಂತೆರಿಯಾ?”

“ಹೌದಮ್ಮ.”

“ಇವನ್ನೆಲ್ಲ ಸುಡೋಕೆ ಹೇಳಿದ್ರಲ್ವಾ?”

“ಹಳೇ ಬಾದಾಮಿ ಮರ ಸುಟ್ಟೆ. ಹೊಗೆ ಬಂದ್ರೆ ಸಾಕಿತ್ತು ಜಾಗ ಕೊಂಡೋರಿಗೆ.”

“ಸತ್ತವರ ಸಹಿ ಯಾಕೆ ಹಾಕ್ದೆ?”

“ಮಾಲೀಕರು ಯಾರು ಅಂತ ಚೀಟೀಲಿ ಕೇಳಿತ್ತು. ಮಾಲೀಕರದ್ದೇ ಬರ್ದೆ. ಅವ್ರ ಕೈ ನಡುಗೋಕೆ ಶುರುವಾದ್ಮೇಲೆ ಕೂಲಿ ಚೀಟಿಗೆಲ್ಲ ನಾನೇ ತಾನೆ ಅವ್ರ ಸಹಿ ಹಾಕ್ತಿದ್ದಿದ್ದು?”

“ಒಂದೊಂದನ್ನೂ ನಕ್ಷೇಲಿ ಇದ್ದ ಹಾಗೇ ನೆಟ್ಟಿದೀಯ. ಯಾಕೆ?”

ಅವನು ಕತ್ತರಿ ಕೆಳಗಿಟ್ಟು ಎದುರಿನ ಬಳ್ಳಿಯ ಬುಡ ತೋರಿಸಿದ. “ಅಂಪಾರೊ ಈ ಬಳ್ಳಿ ಬುಡದಲ್ಲೇ ಬಿದ್ಲು. ನನ್ನ ಹೆಂಡ್ತಿ. ತೊಂಬತ್ತೆಂಟರ ಕೊಯ್ಲು, ಕೆಂಡದಂಥ ಬಿಸಿಲು. ನೀರು ನೀರು ಅಂದ್ಲು. ಸಾಲು ಮುಗಿಸಿ ಕುಡಿ ಅಂದ್ರು ಮಾಲೀಕರು. ಸಾವಿನ ಕಾಗದದಲ್ಲಿ ಮಾತ್ರ ಮನೇಲಿ ಸತ್ಲು ಅಂತ ಇದೆ. ಈ ಸಾಲೂ ಹೋದ್ರೆ ಅವ್ಳು ಸತ್ತ ಜಾಗ ಅಂತ ನಾನು ಎಲ್ಲಿ ನಿಂತ್ಕೊಳ್ಲಿ?”

ಅವನು ಮತ್ತೆ ಕತ್ತರಿ ಎತ್ತಿಕೊಂಡು, “ಇದೊಂದು ಬಳ್ಳಿ ಮುಗಿಸ್ಕೊಂಡು ಬರ್ಲಾ?” ಎಂದ. ಒಡೆಟ್ ತಲೆಯಾಡಿಸಿದಳು. ಕೊನೆಯ ಕಡ್ಡಿ ಸವರಿದ ಮೇಲೆ, 9.05ಕ್ಕೆ, ಕಳವು ಮತ್ತು ಸುಳ್ಳು ಸಹಿಯ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಮಹಜರಿನಲ್ಲಿ ನೂರಾ ಮೂವತ್ತೆಂಟು ಬಳ್ಳಿಗಳೆಂದು ಬರೆದುಕೊಂಡರು.

ಸಂಜೆ ನಾಲ್ಕಕ್ಕೆ ಒಡೆಟ್ ಇರಿನಿಯಾರ ಅಡುಗೆಮನೆಯಲ್ಲಿ ಕೂತಿದ್ದಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡರು. ಮುಂದಿಟ್ಟಿದ್ದ ಕಾಫಿ ಆರಿತು.

“ಅಮ್ಮ, ಅಂಪಾರೊ ಸತ್ತಿದ್ದು ಎಲ್ಲಿ?”

“ಕಾಗದದಲ್ಲಿ ಇದೆಯಲ್ಲ.”

“ನಾನು ನಿಮ್ಮನ್ನ ಕೇಳ್ತಿದೀನಿ.”

ಗೋಡೆಯ ಕಡೆ ನೋಡುತ್ತಾ ಇರಿನಿಯಾ ಹೇಳಿದರು: “ಕೆಲಸದ ಜಾಗದಲ್ಲಿ ಸತ್ರೆ ಸರ್ಕಾರದೋರು ಬಂದು ತೋಟ ಮುಚ್ತಾರೆ ಅಂದ ಮನುವೆಲ್. ಎಲಾದಿಯೊ ನೀರು ತರೋಕೆ ಓಡಿದ್ದ. ಅವ್ನು ಬರೋದ್ರೊಳಗೆ ಅವ್ಳನ್ನ ಗಾಡಿಗೆ ಹಾಕಿ ಅವ್ಳ ಮನೆಗೆ ಸಾಗಿಸಿದ್ವಿ. ಮನುವೆಲ್ ಹೆಗಲು ಹಿಡಿದಿದ್ದ. ನಾನು ಕಾಲು ಹಿಡಿದಿದ್ದೆ.”

ಒಡೆಟ್ ಚೀಲದಿಂದ ಇನ್ನೊಂದು ದೂರಿನ ಹಾಳೆ ತೆಗೆದು ಮೇಲೆ ದಿನಾಂಕ ಹಾಕಿದಳು.